ಬಾಳ್ಗೞ್ಚು

ಹಾಸನ ಬಿಟ್ಟಾಗ ಆರೂಕಾಲು.
ಹಿಂದಿನ ಸೀಟಲ್ಲಿ ಸುವ್ರತಾ ಮೇಡಂ,
ಪಕ್ಕದಲ್ಲಿ ಬಕೆಟ್ಟು, ಬ್ರಷ್ಷು, ಮಸಿಯ ಡಬ್ಬಿ,
ಕೂಸಿನ ಹಾಗೆ ಟವೆಲಿನಲ್ಲಿ ಸುತ್ತಿದ ಕಾಗದ.
ಒಂದು ಕಣ್ಣಿಗೆ ಆಪರೇಷನ್ ಆಗಿದೆ,
ಇನ್ನೊಂದಕ್ಕೆ ತಾರೀಕು ಕೊಟ್ಟಿದ್ದಾರೆ.
"ಅಷ್ಟರೊಳಗೆ ಒಂದು ಸುತ್ತು ಹಾಕಿಸು ನಸ್ರುಲ್ಲಾ,
ಕಲ್ಲುಗಳಿಗೆ ಹೇಳಿ ಬರಬೇಕು."

ನಾನು ಮೊದಲು ಲಾರಿಗಳ ಮೇಲೆ ಅಕ್ಷರ ಬರೆಯುತ್ತಿದ್ದವನು.
ಅರಸೀಕೆರೆ ದಾರಿಯಲ್ಲಿ ಒಂದು 'ಶ್ರೀ' ಕಂಡರೆ ಸಾಕು,
ಇದು ನಸ್ರು ಕೈ ಅನ್ನುತ್ತಿದ್ದರು.
ಸ್ಟಿಕ್ಕರು ಬಂತು. ಬ್ರಷ್ಷು ಒಣಗಿತು. ಓಮ್ನಿ ತಗೊಂಡೆ.

ದೊಡ್ಡಗದ್ದವಳ್ಳಿಯ ಕೆರೆಯ ಮೇಲೆ ಇನ್ನೂ ಮಂಜು.
ಕಾಳಿಯ ಬಾಗಿಲಿಗೆ ಎರಡು ಬೇತಾಳ,
ಪಕ್ಕೆಲುಬು ಎಣಿಸಬಹುದು, ಹಲ್ಲು ಬಿಟ್ಟುಕೊಂಡು ನಿಂತಿವೆ
ಪಾಳಿ ಮುಗಿದರೂ ಬದಲಿ ಬಾರದ ವಾಚ್‌ಮನ್‌ಗಳ ಹಾಗೆ.
ಮೇಡಂ ಒಂದರ ಮೊಣಕಾಲು ಮುಟ್ಟಿ
"ಹೇಗಿದ್ದೀಯಪ್ಪ" ಅಂದರು.

ಹಲ್ಮಿಡಿಯಲ್ಲಿ ನಿಂತದ್ದು ಹತ್ತೇ ನಿಮಿಷ.
ಅಸಲು ಕಲ್ಲು ಊರು ಬಿಟ್ಟು ಮ್ಯೂಸಿಯಮ್ಮು ಸೇರಿ ಕಾಲವಾಯಿತು;
ಇಲ್ಲಿರುವುದು ನಕಲು, ನುಣ್ಣಗೆ.
ಅದರ ಮೇಲೂ ಬೆರಳಿಟ್ಟು ಸಾಲು ಸಾಲು ನಡೆದು
ಒಂದು ಕಡೆ ತಡೆದರು. "ಬಾಳ್ಗೞ್ಚು.
ಗೆದ್ದವನ ಕತ್ತಿ ತೊಳೆದು ಕೊಟ್ಟ ಊರು. ಇದೇ ಊರು."

ಗಾಡಿಯಲ್ಲಿ ಪಾಠ ಮುಂದುವರಿಯಿತು.
"ಬಾಳ್ ಅಂದರೆ ಕತ್ತಿ. ಬಾೞ್ ಅಂದರೆ ಬದುಕು.
ಬೇರೆ ಬೇರೆ ಅಕ್ಷರ. ಒಂದು ಸತ್ತುಹೋಯಿತು.
ಈಗ ಎರಡಕ್ಕೂ ಒಂದೇ ಳ."
"ಸತ್ತದ್ದು ಯಾವುದು ಮೇಡಂ, ಕತ್ತಿಯದೋ ಬದುಕಿನದೋ?"
ಅವರು ಕಿಟಕಿಯ ಗಾಜು ಇಳಿಸಿದರು.
"ಬದುಕಿನದು."

ಅಲ್ಲಿಂದ ಬೆಳವಾಡಿವರೆಗೆ ನಮ್ಮದು ಅದೇ ಕೆಲಸ.
"ನಾಲಗೆ ಮಡಚು. ಮೇಲಕ್ಕೆ ತಾಗಿಸಬೇಡ. ಉಸಿರು ಬಿಡು."
ಮೞೆ. ಕೋೞಿ. ಪುೞು. ಏೞ್.
ಮುಂದಿನ ಟ್ರ್ಯಾಕ್ಟರಿನಲ್ಲಿ ಹಿಮ್ಮುಖ ಕೂತ ಹುಡುಗ
ಬಿಸಿ ಬೋಂಡ ಕಚ್ಚಿದವರಂಥ ನಮ್ಮ ಬಾಯಿ ನೋಡಿ ನಕ್ಕ.
"ತಮಿಳು ಲಾರಿಯವರು ಬಾಳೆಹಣ್ಣಿಗೆ ಹೀಗೇ ಅಂತಾರೆ ಮೇಡಂ."
"ಅಂತಾರೆ. ನಮ್ಮದೂ ಹಾಗೇ ಇತ್ತೋ ಏನೋ,
ಕೇಳಿಸಿಕೊಂಡವರು ಯಾರೂ ಉಳಿದಿಲ್ಲ."

ಆಮೇಲೆ ಆ ಊರು. ಹೆಸರು ಹೇಳಬೇಡ ಅಂದಿದ್ದಾರೆ,
ನಿಧಿ ಅಗೆಯುವವರಿಗೆ ಹೆಸರೇ ಸಾಕು.
ಕೆರೆಯ ಮೆಟ್ಟಿಲಲ್ಲಿ ಅಡ್ಡ ಮಲಗಿದ ವೀರಗಲ್ಲು:
ಕೆಳಗೆ ದನ, ಕುದುರೆ, ಬಿದ್ದವನು;
ನಡುವೆ ಅಪ್ಸರೆಯರು ಅವನ ಕಂಕುಳಿಗೆ ಕೈಹಾಕಿ ಎತ್ತಿದ್ದಾರೆ;
ಮೇಲೆ, ಸ್ವರ್ಗದಲ್ಲಿ,
ದೇವೀರಮ್ಮ ದುಪ್ಪಟಿ ಒಗೆಯುತ್ತಿದ್ದಾಳೆ.

"ನಮ್ಮತ್ತೆ ಒಗೆದಿದ್ದೂ ಇದರ ಮೇಲೇಯ. ದೇವರಾ?"
ಮೇಡಂ ನೊರೆ ಸರಿಸಿ ಬೆರಳಲ್ಲಿ ಓದಿದರು.
ಹಸು ಬಿಡಿಸಲು ಹೋದವನು. ಹಸುಗಳು ಬಂದವು.
ಅವನ ಹೆಸರಿದ್ದ ಜಾಗ ಸವೆದಿದೆ.
ದೇವೀರಮ್ಮ ಸೋಪು ಕೈಯಲ್ಲೇ ಹಿಡಿದು ನಿಂತಳು.
"ಹಂಗಾರೆ ನಾವೇ ಸವೆಸಿದ್ದು."
ಸ್ವಲ್ಪ ಹೊತ್ತು ಬಿಟ್ಟು,
"ಒಗೀಬೌದಾ?"

ಮೂವತ್ತೆರಡು ವರ್ಷ ಇಲಾಖೆಯಲ್ಲಿ
ಕಲ್ಲು ಎತ್ತಿಸಿ, ಬೇಲಿ ಹಾಕಿಸಿ, ಬೋರ್ಡು ನೆಡಿಸಿದ ಹೆಂಗಸು.
"ಇವತ್ತಿನದು ಮುಗಿಸು" ಅಂದರು.
ಕಾಗದ ತಾ ಅನ್ನಲಿಲ್ಲ.
ಒದ್ದೆ ದುಪ್ಪಟಿ ಕಲ್ಲಿಂದ ಎದ್ದಾಗ
ಅದರಲ್ಲಿ ಒಂದು ಗಳಿಗೆ ಕುದುರೆಯ ಕುತ್ತಿಗೆ ಮೂಡಿ
ಹಿಂಡಿದೊಡನೆ ಹೋಯಿತು.

ಕೞ್ಚು, ಅಂದೆ. ತಾನಾಗಿ ಬಂತು.
ಮೇಡಂ ತಟ್ಟನೆ ತಿರುಗಿದರು. "ಇನ್ನೊಂದು ಸಲ!"
ಇನ್ನೊಂದು ಸಲ ಬರಲಿಲ್ಲ.

ರಾತ್ರಿ ಮಂಚದಡಿಯ ಡಬ್ಬಿ ಎಳೆದು
ಗಟ್ಟಿಯಾದ ಬ್ರಷ್ಷು ಟರ್ಪೆಂಟೈನಿನಲ್ಲಿ ನೆನೆಹಾಕಿದೆ.
ಬೆಳಿಗ್ಗೆ, ಓಮ್ನಿಯ ಬೆನ್ನ ಮೇಲೆ, 'ಹಾರ್ನ್ ಮಾಡಿ'ಯ ಕೆಳಗೆ,
ಹಳದಿಯಲ್ಲಿ, ಕೆಂಪು ನೆರಳು ಕೊಟ್ಟು,
ಒಂದೇ ಒಂದು ೞ.

ಮೊನ್ನೆ ಬೇಲೂರು ಸರ್ಕಲ್ಲಿನಲ್ಲಿ ಪೊಲೀಸು ತಡೆದ.
"ಏನಯ್ಯ ಇದು, ಯಾವ ಪಕ್ಷದ ಗುರುತು?"
"ಈ ಸಲ ನಿಂತಿಲ್ಲ ಸಾರ್" ಅಂದೆ.
ಅವನು ಇನ್ನೂ ಸ್ವಲ್ಪ ಹೊತ್ತು ನೋಡಿ
ಎಮಿಷನ್ ಸರ್ಟಿಫಿಕೇಟು ಕೇಳಿದ.