ಶುಕ್ರವಾರದ ಲೆಕ್ಕ

ಆ ವರ್ಷ ಡಿಸೆಂಬರಿನ ಕೊನೆಗೆ
ಸರ್ಕಾರ ನಮ್ಮ ದೇಶವನ್ನೆತ್ತಿ ಗೆರೆಯ ಆಚೆ ಇಟ್ಟಿತು.
ಕಡಲು ಅಲುಗಲಿಲ್ಲ. ಒಂದು ತೆಂಗಿನಕಾಯಿಯೂ ಉದುರಲಿಲ್ಲ.
ಗುರುವಾರ ರಾತ್ರಿ ಮಲಗಿದವರು
ಶನಿವಾರ ಬೆಳಿಗ್ಗೆ ಎದ್ದು ಮುಖ ತೊಳೆದರು.
ನಡುವಿನ ಶುಕ್ರವಾರ, ತಾರೀಖು ಮೂವತ್ತು,
ಸಮೋವಾದಲ್ಲಿ ಯಾರ ಮನೆಗೂ ಬರಲಿಲ್ಲ.

ಬಾರದ ದಿನಕ್ಕೂ ಸಂಬಳ ಕೊಡಬೇಕೆಂದರು. ಕೊಟ್ಟರು.
ನಾನು ಸವಾಯಿ ದ್ವೀಪದ ಜನನ ಮರಣ ಗುಮಾಸ್ತ,
ಆ ದುಡ್ಡಲ್ಲಿ ಒಂದು ಜೊತೆ ಚಪ್ಪಲಿ ಕೊಂಡೆ.

ಮರು ನವೆಂಬರಿನಲ್ಲಿ ವೇನೇತಾ ಬಂದಳು,
ಪಡುವಣ ತುದಿಯ ಊರಿಂದ, ಮೊದಲ ಬಸ್ಸಿಗೆ,
ಲಂಗದ ಅಂಚು ಇನ್ನೂ ಒದ್ದೆ,
ಬಾಳೆಯೆಲೆಯ ಪೊಟ್ಟಣದಲ್ಲಿ ಪಾಲೋಲೋ.

ಗೊತ್ತಲ್ಲ, ವರ್ಷಕ್ಕೊಮ್ಮೆ ಏಳುವ ಹುಳು.
ಮೊಸೊಓಯಿ ಹೂ ಅರಳಿ ಊರೆಲ್ಲ ಘಮ್ಮೆಂದ ಮೇಲೆ,
ಹುಣ್ಣಿಮೆ ಕಳೆದು ಚಂದ್ರ ಅರ್ಧ ಸವೆದ ರಾತ್ರಿ,
ಹವಳದ ಬಂಡೆಯೊಳಗಿಂದ
ಅದು ತನ್ನ ಬಾಲವನ್ನಷ್ಟೇ ಕಳಚಿ ಮೇಲೆ ಕಳಿಸುತ್ತದೆ.
ತಲೆ ಅಲ್ಲೇ, ಕತ್ತಲಲ್ಲಿ, ಬರುವ ವರ್ಷಕ್ಕೆ.
ಬಲೆ, ಸೊಳ್ಳೆಪರದೆ, ಸೋಸುವ ಬಟ್ಟೆ
ಕೈಗೆ ಸಿಕ್ಕಿದ್ದು ಹಿಡಿದು ಸೊಂಟದುದ್ದ ನೀರಲ್ಲಿ ಊರಿಗೆ ಊರೇ ನಿಂತಿರುತ್ತದೆ.
ಬಿಸಿಲು ತಾಗಿದರೆ ಮುಗಿಯಿತು, ಕರಗಿಹೋಗುತ್ತದೆ.

"ಮರಣ ಬರೆಸಬೇಕು," ಅಂದಳು. "ಗಂಡನದು. ಫಾಲಾನಿಕೊ."
ಯಾವತ್ತು?
"ಶುಕ್ರವಾರ."
ಯಾವ ಶುಕ್ರವಾರ?
"ಅದೇ."

ಅಮ್ಮಾ, ಆ ದಿನ ಇರಲಿಲ್ಲ ಅಂದೆ.
ಗುರುವಾರ ಬರೆಯಲೇ? ಶನಿವಾರ?
ಕಂಪ್ಯೂಟರ್ ಎರಡನ್ನೂ ಒಪ್ಪುತ್ತದೆ.

ಅವಳು ಕುರ್ಚಿ ಎಳೆದುಕೊಂಡಳು.
"ಇಗರ್ಜಿ ಮುಂದೆ ಖಾಲಿ ಸಿಲಿಂಡರ್ ತೂಗುಹಾಕಿದೆಯಲ್ಲ,
ನಡುರಾತ್ರಿ ಹುಡುಗರು ಅದಕ್ಕೆ ಕಬ್ಬಿಣದಿಂದ ಬಡಿದರು. ಹನ್ನೆರಡು ಪೆಟ್ಟು.
ಮೊದಲ ಪೆಟ್ಟಿಗೆ ಅವನು ನನ್ನ ಕಡೆ ಹೊರಳಿದ.
ಮೂರಕ್ಕೋ ನಾಲ್ಕಕ್ಕೋ ನೀರು ಕೇಳಿದ.
ಲೋಟ ತುಂಬುತ್ತಿದ್ದೆ, ಏಳು ಕೇಳಿಸಿತು,
ಎಂಟು ಬಿದ್ದಾಗ ಅವನಿಗೆ ನೀರು ಬೇಕಿರಲಿಲ್ಲ.
ಮೊದಲ ಪೆಟ್ಟು ಗುರುವಾರದ್ದು, ಕೊನೆಯದು ಶನಿವಾರದ್ದು.
ಎಂಟನೆಯದು ಯಾರದ್ದು, ಹೇಳು."

ನಾನು ಪೆನ್ನಿನ ಮುಚ್ಚಳ ಹಾಕಿದೆ, ತೆಗೆದೆ.

"ಚಂದ್ರ ಇನ್ನೂ ಮುಳುಗಿರಲಿಲ್ಲ. ಹಲಸಿನ ತೊಳೆಯಷ್ಟಿದ್ದ,
ಕಡಲಿಗೆ ಒಂದು ಬೆರಳು ಮೇಲೆ.
ಮಾರನೆಯ ಸಂಜೆ ನೋಡಿದೆ, ಒಂದು ತೊಳೆಯಷ್ಟೇ ಬೆಳೆದಿದ್ದ.
ಎರಡು ದಿನದ ಬೆಳವಣಿಗೆ ಒಮ್ಮೆಗೇ ಬಂದಿರಲಿಲ್ಲ.
ಅವನಿಗೆ ಯಾರೂ ಸುತ್ತೋಲೆ ಕಳಿಸಿರಲಿಲ್ಲ ಅಂತ ಕಾಣುತ್ತೆ.
ನಿನ್ನೆ ರಾತ್ರಿ ಹುಳುವೂ ಸರಿಯಾಗಿ ಬಂತು."

ಗೋಡೆಗೆ ನೇತುಹಾಕಿದ್ದೂ ತಿಂಗಳು, ಬಾನಲ್ಲಿ ತೂಗುವುದೂ ತಿಂಗಳು,
ಎರಡಕ್ಕೂ ನಮ್ಮಲ್ಲಿ ಒಂದೇ ಮಾತು: ಮಾಸಿನಾ.
ಅಜ್ಜಿ ಯಾವುದನ್ನು ಹೇಳುತ್ತಿದ್ದಳೋ ಎಂದು
ಚಿಕ್ಕವನಾಗಿ ನಾನು ಯಾವತ್ತೂ ಕೇಳಿರಲಿಲ್ಲ.
ನನ್ನ ಗೋಡೆಯ ಮೇಲಿನದು ಮೀನಿನ ಡಬ್ಬಿ ಕಂಪನಿಯವರು ಕೊಟ್ಟದ್ದು,
ಅದರಲ್ಲಿ ಚಂದ್ರನನ್ನು
ಅಕ್ಕಿಕಾಳಿಗಿಂತ ಸಣ್ಣದಾಗಿ ಅಚ್ಚು ಹಾಕಿದ್ದರು, ಮೂಲೆಯಲ್ಲಿ.

ಕಾನೂನು ಹೇಳಿದೆ. ಮೇಲಿನವರ ಹೆಸರು ಹೇಳಿದೆ.
ಆಪಿಯಾಕ್ಕೆ ಬರೆದು ಕೇಳೋಣ ಅಂದೆ.
ಅವಳು ಮೇಜಿನ ಕೆಳಗೆ ಬಗ್ಗಿ ನನ್ನ ಕಾಲು ನೋಡಿದಳು.
"ಒಳ್ಳೆಯ ಚಪ್ಪಲಿ. ಆ ದಿನಕ್ಕೆ ನಿನಗೆ ಸಂಬಳ ಬಂತು, ಅಲ್ಲವೇ?"
ಬಂತು.
"ಹಾಗಾದರೆ ಆ ದಿನದ ಕೆಲಸ ಬಾಕಿಯಿದೆ.
ಬರಿ."

ಪೊಟ್ಟಣ ಬಿಚ್ಚಿ ನನ್ನ ಮುಂದೆ ತಳ್ಳಿದಳು. ಇನ್ನೂ ತಣ್ಣಗಿತ್ತು.
ಬೆರಳಲ್ಲೇ ತಿಂದೆ: ಉಪ್ಪು, ಪಾಚಿ, ಮೀನಿನ ಮೊಟ್ಟೆಯಂಥದೊಂದು ರುಚಿ.
ಆಮೇಲೆ ಬೀರುವಿನಿಂದ ಹಳೆಯ ದಫ್ತರ ಇಳಿಸಿದೆ,
ಕಂಪ್ಯೂಟರ್ ಬರುವ ಮೊದಲಿನದು, ಗೆದ್ದಲು ಅಂಚು ತಿಂದದ್ದು.
ಗೆರೆ ಹೊಡೆದೆ. ಹೆಸರು ಬರೆದೆ. ವಾರ ಬರೆದೆ.
ತಾರೀಖಿನ ಕಲಮಿನಲ್ಲಿ ಮೂವತ್ತು ಮೂಡುವಷ್ಟರಲ್ಲಿ
ನನ್ನ ಹೆಬ್ಬೆರಳಿನ ಹಸಿರು ಅದರ ಮೇಲೆ ಬಿತ್ತು.

ಅವಳು ಓದಿಸಿಕೊಂಡಳು. ಎರಡು ಸಲ.
"ಎಂಟನೆಯ ಪೆಟ್ಟು ಬಿಟ್ಟೆ," ಅಂದಳು.