ಬರೀ ಕಾಫಿ

ಆರ್ಡರು ಬಂದದ್ದು ಸೋಮವಾರ. ಯಾದಗಿರಿ.
ಕೌಂಟರಿನ ತೂಕದ ಯಂತ್ರವನ್ನು ಸೊನ್ನೆಗೆ ತಂದು
ಸ್ಟಾಂಪಿನ ಲೆಕ್ಕ ಒಪ್ಪಿಸಿ, ಬೀರುವಿನ ಕೀ ಕೊಟ್ಟು ಹೊರಡಲು
ಇನ್ನು ಆರು ದಿನ.

ಒಂಬತ್ತು ವರ್ಷ.
ಈ ಊರಿನ ಪಿನ್‌ಕೋಡು ನಿದ್ದೆಗಣ್ಣಲ್ಲೂ ಬರೆಯಬಲ್ಲೆ,
ಊರನ್ನು ಮಾತ್ರ
ಮನೆಯಿಂದ ಆಫೀಸು, ಆಫೀಸಿನಿಂದ ಮನೆ ಎಂದು
ಎರಡು ಮಡಿಕೆ ಮಡಚಿ
ಲಕೋಟೆಯಲ್ಲಿಟ್ಟು ಮರೆತಿದ್ದೆ.

ಮೊದಲ ಸಂಜೆ ಮಂಡಿಪೇಟೆಯ ಸಂದಿ.
ಒಣಮೆಣಸಿನಕಾಯಿ ಚೀಲಗಳ ಘಾಟಿಗೆ ಸೀನುತ್ತ
ಹಾಲಪ್ಪನ ಹೋಟೆಲಿನ ಬೆಂಚು.
ಈ ಊರಲ್ಲಿ ಕಾಫಿಯೆಂದರೆ ದೋಸೆಯ ಬಾಲ.
ಬೆಣ್ಣೆ ಮೆತ್ತಿದ ತುಟಿಗೊಮ್ಮೆ ಬಿಸಿ ತಾಗಿಸಿ
ಏಳಬೇಕು, ಬೆನ್ನ ಹಿಂದೆ ಇನ್ನೊಬ್ಬ ನಿಂತಿರುತ್ತಾನೆ.
ಬರೀ ಕಾಫಿ ಎಂದೆ.
"ಬರೀ ಕಾಫೀನಾ?" ಎಂದ ಹುಡುಗ
ಜ್ವರ ಬಂದವಳನ್ನು ನೋಡುವಂತೆ ನೋಡಿ.

ಮರುದಿನ ವಿದ್ಯಾನಗರದ ಗಾಜಿನಂಗಡಿ.
ನೂರಾ ನಲವತ್ತು ರೂಪಾಯಿ, ನೊರೆಯ ಮೇಲೊಂದು ಎಲೆ.
ಕುಡಿದರೆ ಎಲೆ ಕೆಡುತ್ತದೆಂದು
ಕುಡಿಯದೆ ಕೂತೆ, ಅದು ತಾನಾಗಿಯೇ ಕೆಟ್ಟಿತು.
ಪಕ್ಕದ ಮೇಜಿನಲ್ಲಿ ಡಾಕ್ಟರಾಗಲಿರುವ ಮೂವರು
ಕೈಯ ಮೂಳೆಗಳ ಹೆಸರು ಬಾಯಿಪಾಠ ಮಾಡುತ್ತಿದ್ದರು.
ಯಾರ ಕೈಯಲ್ಲೂ ಕಪ್ಪಿರಲಿಲ್ಲ.

ಬುಧವಾರ ಎಲ್ಲೂ ಹೋಗಲಿಲ್ಲ. ಪಾತ್ರೆ ಕಟ್ಟಿದೆ.
ಫಿಲ್ಟರನ್ನು ಮಾತ್ರ ಹೊರಗಿಟ್ಟೆ.

"ಗ್ಯಾಲರೀನಾ ಮೇಡಂ? ನಮ್ಮೂರಾಗಾ?"
ಸಾರ್ಟಿಂಗಿನ ತಿಪ್ಪೇಶಿ ನಕ್ಕ,
"ಬಂಗಾರದಂಗಡಿ ಶೋಕೇಸ್ ನೋಡ್ಕಂಡ್ ಬರ್ರಿ, ಅದಾ ಗ್ಯಾಲರಿ."
ಆದರೆ ನನಗೆ ಗೊತ್ತಿತ್ತು.
ಚಿತ್ರಕಲಾ ಕಾಲೇಜಿನ ಉದ್ದುದ್ದ ಕೊಳವೆಗಳು
ನನ್ನ ಕೌಂಟರಿಗೇ ಬರುತ್ತಿದ್ದವು:
ಎಂಟುನೂರು ಗ್ರಾಂ, ಒಂದು ಕಿಲೋ ಇನ್ನೂರು,
ಒಳಗೇನು ಎಂದರೆ "ಚಿತ್ರ" ಎಂದು ಬರೆಯುತ್ತಿದ್ದರು.
ಒಂಬತ್ತು ವರ್ಷ ಚಿತ್ರಗಳನ್ನು ತೂಗಿದ್ದೇನೆ,
ಒಂದನ್ನೂ ನೋಡಿಲ್ಲ.

ಕಾವಲುಗಾರ ನನ್ನೊಬ್ಬಳಿಗಾಗಿ ಟ್ಯೂಬ್‌ಲೈಟು ಹಾಕಿದ.
ಅವು ಒಂದೊಂದಾಗಿ ಕಣ್ಣು ಮಿಟುಕಿಸಿ ಎದ್ದವು.
ಹೊಗೆಯಿಲ್ಲದ ಹತ್ತಿ ಗಿರಣಿಯ ಚಿಮಣಿ,
ಅದರ ಮೇಲೆ ಒಂದು ಕಾಗೆ, ಬೇಕಿತ್ತೋ ಇಲ್ಲವೋ.
ಮಂಡಕ್ಕಿ ಭಟ್ಟಿಯ ಮುಂದೆ ಬೆವರುವ ಬೆನ್ನುಗಳು.
ಬರೀ ನೀಲಿಯ ಒಂದು ಚಿತ್ರ, ತಲೆಬುಡ ತಿಳಿಯಲಿಲ್ಲ,
ಅದರ ಮುಂದೇ ಹೆಚ್ಚು ಹೊತ್ತು ನಿಂತೆ.
ಮೂಲೆಯಲ್ಲಿ ಇದ್ದಿಲಿನದು:
ಅದೇ ಸಂದಿ, ಅದೇ ಬೆಂಚು,
ಬೆನ್ನು ತೋರಿಸಿ ಕೂತ ಹೆಂಗಸು,
ಕೈಯಲ್ಲಿ ಲೋಟ.

ಎದೆ ಡವಗುಟ್ಟಿತು, ಸುಳ್ಳೇಕೆ.

ಬರೆದವಳು ಕಿಟಕಿಕಟ್ಟೆಯ ಮೇಲೆ ಕೂತು
ಪೇಪರಿನ ಪೊಟ್ಟಣದಿಂದ ಖಾರ ಮಂಡಕ್ಕಿ ಮುಕ್ಕುತ್ತಿದ್ದಳು.
ಮುಬೀನಾ, ಕೊನೇ ವರ್ಷ, ಉಗುರೆಲ್ಲ ಕಪ್ಪು.
ಇವರು ಯಾರಮ್ಮ?
"ಯಾರೂ ಅಲ್ಲ ಆಂಟಿ.
ಬೆಂಚು ಖಾಲಿ ಕಂಡ್ತು,
ಈ ಕಡೀಗೆ ಒಂದಿಷ್ಟು ಭಾರ ಬೇಕಿತ್ತು."

ಎಷ್ಟು ಗ್ರಾಂ ಎಂದು ಕೇಳಲಿಲ್ಲ.
ಬೆಲೆಯನ್ನೂ ಕೇಳಲಿಲ್ಲ.
ಇದ್ದಿಲಿನ ಚಿತ್ರ ಸುರುಳಿ ಸುತ್ತಬೇಡ,
ಮೇಲೊಂದು ಬೆಣ್ಣೆ ಕಾಗದ ಹಾಸಿ
ಎರಡು ರಟ್ಟಿನ ನಡುವೆ ಇಟ್ಟು ಕಳಿಸು ಎಂದೆ.
ನನಗೆ ಗೊತ್ತಿದ್ದ ಕಲೆ ಅಷ್ಟು.
ಅವಳು ಪೊಟ್ಟಣ ಚಾಚಿದಳು.
ನನ್ನ ಪಾಲಿಗೆ ಒಂದು ಹಸಿಮೆಣಸಿನಕಾಯಿಯೂ ಬಂತು.

ಶುಕ್ರವಾರ ಮತ್ತೆ ಮಂಡಿಪೇಟೆ.
ಬೆಂಚಿನ ಈ ತುದಿಗೆ ನಾನು,
ಆ ತುದಿಯಲ್ಲಿ ಹಮಾಲಿಯೊಬ್ಬ
ದೋಸೆ ಮುಗಿಸಿ, ಬೆರಳು ನೆಕ್ಕಿ, ಎದ್ದ.
ಎದ್ದೊಡನೆ ಬೆಂಚು ಗಕ್ಕನೆ
ನನ್ನ ಕಡೆಗೆ ವಾಲಿತು.
ಕಾಲೂರಿ, ಲೋಟ ತುಳುಕದಂತೆ ಹಿಡಿದೆ.

ಬೆನ್ನ ಹಿಂದೆ ಯಾರೋ ನಿಂತಿದ್ದಾರೆ.
ನಿಂತಿರಲಿ,
ಇನ್ನೂ ಬಿಸಿ ಇದೆ.