ಚಿಲ್ಲರೆ ಜೇಬು

ಜೀನ್ಸ್ ಪ್ಯಾಂಟಿನ ಬಲಗಡೆ, ದೊಡ್ಡ ಜೇಬಿನ ಬಾಯೊಳಗೆ
ಇನ್ನೊಂದು ಸಣ್ಣ ಜೇಬು ಇರುತ್ತದಲ್ಲ,
ಎರಡು ಬೆರಳು ಹೋಗುವಷ್ಟು,
ಅದನ್ನು ಹೊಲಿಯುವವಳು ನಾನು.
ಹನ್ನೊಂದು ವರ್ಷದಿಂದ ಅದೊಂದನ್ನೇ,
ಕೌಲ್ ಬಜಾರಿನ ವಿಠೋಬಣ್ಣನ ಶೆಡ್ಡಿನಲ್ಲಿ.
ಎಂಟು ಮಷೀನು, ಮೂರನೆಯದು ನನ್ನದು.
ಜೇಬಿಗೆ ಅರವತ್ತು ಪೈಸೆ, ದಿನಕ್ಕೆ ನಾನೂರು ಜೇಬು.
ಉಗುರಿನ ಸಂದಿಯ ನೀಲಿ
ಹಬ್ಬಕ್ಕೂ ಹೋಗುವುದಿಲ್ಲ.

ಅದರಲ್ಲಿ ಯಾರು ಏನು ಇಡುತ್ತಾರೋ.
ಹಿಂದೆ ಗಡಿಯಾರ ಇಡುತ್ತಿದ್ದರಂತೆ;
ವಿಠೋಬಣ್ಣನ ಮುತ್ತಜ್ಜ
ದಂಡಿನ ಸಿಪಾಯಿಗಳಿಗೆ ಹೊಲಿದವನು, ಅವನ ಮಾತು.
ನಮ್ಮ ಪಲ್ಲವಿ ಅದರಲ್ಲಿ ಹುಣಸೆಬೀಜ ಇಟ್ಟು
ಮರೆತು, ಒಗೆದ ಮೇಲೆ ಹುಡುಕುತ್ತಾಳೆ.

ಮೊನ್ನೆ ಸೋಮವಾರ ಕ್ಯಾಲ್ಕುಲೇಟರ್ ಹಿಡಿದು ಬಂದ.
ಜಿಪ್ಪು ಹಡಗಿನಲ್ಲಿ ಬರುತ್ತದೆ, ಗೊತ್ತಿತ್ತು.
ಹಡಗು ದಡ ಮುಟ್ಟುವ ಜಾಗದಲ್ಲಿ
ಸುಂಕ ಏರಿದ್ದು ಗೊತ್ತಿರಲಿಲ್ಲ.
“ಜಿಪ್ಪಿಗೆ ಒಂದು ನಲವತ್ತು ಜಾಸ್ತಿ ಆಗೇತಿ, ಜಂಬಕ್ಕ.
ಹುಬ್ಬಳ್ಳಿ ಸೇಠು ಹಳೇ ರೇಟಿಗೇ ಕೊಡು ಅಂತಾನ.
ಜಿಪ್ಪಂತೂ ಬಿಡಾಕ ಬರಂಗಿಲ್ಲ.”
ಹಿಂದಿನ ಮಷೀನಿನಲ್ಲಿ ಯಾರೋ ಕಿಸಕ್ಕೆಂದರು.
ಅವನು ನಗಲಿಲ್ಲ.
ಒಂದು ಪ್ಯಾಂಟು ಎತ್ತಿ, ತಿರುವಿ, ಬೆಳಕಿಗೆ ಹಿಡಿದ.
ಗುಂಡಿ ಬೇಕು. ಲೂಪು ಬೇಕು. ಕಾಲು ಎರಡೂ ಬೇಕು.
ಆಮೇಲೆ ಎರಡು ಬೆರಳು
ನನ್ನ ಜೇಬಿನೊಳಗೆ ಇಳಿಸಿ ಸುಮ್ಮನೆ ನಿಂತ.

ಬಟ್ಟೆ, ದಾರ, ನನ್ನ ಅರವತ್ತು ಪೈಸೆ:
ಕೂಡಿಸಿದರೆ ಸರಿಯಾಗಿ ಒಂದು ನಲವತ್ತು.

ಕೆಟ್ಟವನಲ್ಲ. ಲೂಪಿಗೆ ಕೂರು ಅಂದ.
ಪ್ಯಾಂಟಿಗೆ ಐದು ಲೂಪು, ಲೂಪಿಗೆ ಹತ್ತು ಪೈಸೆ.
ಲೆಕ್ಕ ನನಗೆ ಕ್ಯಾಲ್ಕುಲೇಟರ್ ಇಲ್ಲದೇ ಬರುತ್ತದೆ:
ದಿನಕ್ಕೆ ನಲವತ್ತು ರೂಪಾಯಿ ಕಡಿಮೆ.

ನಮ್ಮತ್ತೆ ಮೋತಿ ಸರ್ಕಲ್ ಹತ್ತಿರ ಮಿರ್ಚಿ ಬಂಡಿ ಇಡುತ್ತಾಳೆ.
ಅವಳ ಎಣ್ಣೆಯೂ ಹಡಗಿನದೇ, ಅದಕ್ಕೂ ಸುಂಕ.
ಪ್ಯಾಕೆಟ್ಟಿನ ಮೇಲೆ ಅದೇ ಸೂರ್ಯಕಾಂತಿ, ಅದೇ ನಗು;
ಒಳಗೆ ಮಾತ್ರ ಒಂದು ಲೋಟ ಕಡಿಮೆ.
ಅತ್ತೆ ರೇಟು ಏರಿಸಲಿಲ್ಲ.
ಮೆಣಸಿನಕಾಯಿ ಗಿಡ್ಡವಾಯಿತು, ಹಿಟ್ಟು ತೆಳುವಾಯಿತು,
ವಗ್ಗರಣೆ ಮಂಡಕ್ಕಿಯಲ್ಲಿ ಶೇಂಗಾ
ಹುಡುಕಿದವರಿಗೆ ಸಿಗುವಷ್ಟಾಯಿತು.
ರೈಲ್ವೆ ಗ್ಯಾಂಗಿನ ಓಬಳೇಶಿ ಮಾತ್ರ ಕಾಗದ ಬಿಚ್ಚಿ,
“ಏನಬೇ, ಮಿರ್ಚಿಗೆ ಉಪವಾಸ ಹಾಕೀಯಲ್ಲ” ಅಂದ.
ಅತ್ತೆ ಅವನಿಗೊಂದು ಹೆಚ್ಚಿಗೆ ಹಾಕಿದಳು.
ನಾಚಿಕೆಯ ಬೆಲೆ ಐದು ರೂಪಾಯಿ.

ಸುಂಕದವರ ಮುಂದೆ ಸುಖದುಃಖ ಹೇಳಿದ ಹಾಗೆ
ಅನ್ನುತ್ತಾರೆ. ಅನ್ನುವವರು ಪುಣ್ಯವಂತರು.
ಅವರ ಕಾಲಕ್ಕೆ ಸುಂಕದವನು
ಕಟ್ಟೆಯ ಮೇಲೆ ಕೂತಿರುತ್ತಿದ್ದ.
ಮುಖ ಇತ್ತು, ಮೀಸೆ ಇತ್ತು,
ಕೇಳದಿದ್ದರೂ ಎರಡು ಕಿವಿ ಇದ್ದವು.
ನಾನು ಯಾರ ಮುಂದೆ ನಿಲ್ಲಲಿ?
ನನ್ನ ಹತ್ತಿರ ಯಾರೂ ಸುಂಕ ಕೇಳಲಿಲ್ಲ,
ನಾನು ಯಾರಿಗೂ ಕೊಡಲಿಲ್ಲ,
ಆದರೂ ಕಟ್ಟಿಯಾಗಿದೆ.

ರಾತ್ರಿ, ಗುಡ್ಡದ ಬಂಡೆ ಹಗಲಿನ ಬಿಸಿಯನ್ನು
ಓಣಿಯ ಮೇಲೆ ಬಿಡುವ ಹೊತ್ತಿನಲ್ಲಿ
ನಾನೂ ಮನೆಯನ್ನು ವಿಠೋಬಣ್ಣನ ಹಾಗೆ
ಎತ್ತಿ, ತಿರುವಿ ನೋಡಿದೆ:
ಯಾವುದನ್ನು ಬಿಟ್ಟರೆ
ಪ್ಯಾಂಟು ಪ್ಯಾಂಟಾಗಿಯೇ ಉಳಿಯುತ್ತದೆ?
ಹಾಲು? ಪಲ್ಲವಿಯ ಶಾಲೆಯ ಆಟೋ?
ಅತ್ತೆಯ ಮೊಣಕಾಲಿನ ಮುಲಾಮು
ಅವಳೇ ಬಿಟ್ಟುಬಿಟ್ಟಿದ್ದಾಳೆ, ನನಗೆ ಹೇಳದೆ;
ಖಾಲಿ ಟ್ಯೂಬನ್ನು ಗೂಟಕ್ಕೆ ಸುತ್ತಿಟ್ಟಿದ್ದಾಳೆ.

ಕತ್ತರಿಸಿಟ್ಟ ಸಣ್ಣ ಜೇಬುಗಳು ಉಳಿದಿದ್ದವು.
“ಒಯ್ಯವ್ವ” ಅಂದ ವಿಠೋಬಣ್ಣ, ನನ್ನ ಕಡೆ ನೋಡದೆ.
ಚೀಲ ತಂದು ಮೂಲೆಯಲ್ಲಿಟ್ಟೆ.
ಕಾದ ಬಾಣಲೆ ಇಳಿಸಲು ಅತ್ತೆ
ಎರಡು ತುಂಡು ತೆಗೆದುಕೊಂಡಳು, ಕೈಗೊಂದು.
ಚೆನ್ನಾಗಿವೆ ಅಂದಳು, ಸುಡುವುದಿಲ್ಲ ಅಂದಳು.
ಉಳಿದವು ಮುನ್ನೂರ ಎಂಬತ್ತಾರು.
ಪಲ್ಲವಿ ಎಣಿಸಿದ್ದು.
ನಡೆದು ಬಂದ ಕಾಲು ಚಾಚಿ,
ಹತ್ತು ಹತ್ತರ ಗುಡ್ಡೆ ಹಾಕಿ.